ಬೇವಿನ ಮರದ ಮೇಲೆ ಬಿದ್ದ ಗುಮ್ಮಟ

"ಈ ಸಲ ಗಣಪ್ಪನ ಮುಂದ ಗೋಳಗುಮ್ಮಟ ನಿಲ್ಲಸಾಕತ್ತೀವ್ರಿ. ಅದರ ಮ್ಯಾಲ ನಿಮ್ಮ ಲೈಟಿನ ಆಟ ಆಗಬೇಕು ನೋಡ್ರಿ" ಎಂದರು ಬಬಲೇಶ್ವರದ ಮಂಡಳಿಯವರು. ವಿಜಯಪುರದಲ್ಲಿ ಮದುವೆ ವಿಡಿಯೊ ಮಾಡಿಕೊಂಡಿದ್ದವನು ನಾನು. ಪರದೆ ಬಿಟ್ಟು ವಸ್ತುವಿನ ಮೈಮೇಲೆಯೇ, ಅದರ ಉಬ್ಬುತಗ್ಗಿಗೆ ಹೊಂದಿಸಿ ಚಿತ್ರ ಬಿಡುವ ಪ್ರೊಜೆಕ್ಷನ್ ಮ್ಯಾಪಿಂಗನ್ನು ಯೂಟ್ಯೂಬಿನಲ್ಲಿ ನೋಡಿದ್ದೆ, ಅಷ್ಟೆ. ಹೂಂ ಅಂದುಬಿಟ್ಟೆ.

ಮಾದರಿ ತಿಕೋಟಾದಲ್ಲಿ ತಯಾರಾಗುತ್ತಿತ್ತು. ಮಳೆಗಾಲದಲ್ಲಿ ಖಾಲಿ ಬಿದ್ದ ಮಣೂಕಿನ (ಒಣದ್ರಾಕ್ಷಿಯ) ಶೆಡ್ಡೇ ಅದನ್ನು ಕಟ್ಟುತ್ತಿದ್ದ ಬಡಿಗೇರ ಕಾಕಾನ ಕಾರ್ಖಾನೆ. ಹನ್ನೆರಡಡಿ ಚೌಕ, ಹತ್ತಡಿ ಗೋಡೆ, ಅದರ ಮೇಲೆ ಒಂದಡಿ ಕೈಪಿಡಿ ಗೋಡೆ, ನಡುವೆ ಒಂಬತ್ತಡಿ ಅಗಲದ ಗುಮ್ಮಟ. ನಾನು ಅಲ್ಲಿಗೆ ಹೋಗಲೇ ಇಲ್ಲ. ಮುಂಭಾಗದ ನಕ್ಷೆಯ ಫೋಟೊ ವಾಟ್ಸಾಪಿನಲ್ಲಿ ತರಿಸಿಕೊಂಡು, ಅದರ ಮೇಲೆಯೇ ಹದಿನೈದು ದಿನ ಕೂತು ಚಿತ್ರ ಮಾಡಿದೆ. ಗುಮ್ಮಟದ ಬುಡದಲ್ಲಿ ತಾವರೆ ಎಸಳು ಅರಳುವುದೊಂದಕ್ಕೇ ಮೂರು ರಾತ್ರಿ ಹೋದವು.

ಲೆಕ್ಕವನ್ನೇನೋ ಹಾಕಿದ್ದೆ. ಗೋಡೆಯಿಂದ ಪ್ರೊಜೆಕ್ಟರ್ ಮಶೀನಿಗಿರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಲೆನ್ಸಿನ ಅನುಪಾತ. ನನಗೆ ಸಿಕ್ಕ ಲೆನ್ಸಿನದು 0.6, ಗುಮ್ಮಟದ ನೆತ್ತಿಯವರೆಗೂ ಚಿತ್ರ ಮುಟ್ಟಲು ಬೇಕಾದ ಅಗಲ 24 ಅಡಿ. ಹಾಗಾಗಿ ಮಶೀನು ಸುಮಾರು ಹದಿನಾಲ್ಕೂವರೆ ಅಡಿ ದೂರದಲ್ಲಿ. ಗಣಪ್ಪನ ಮುಂದಿನ ಓಣಿಯೂ ಅಷ್ಟೇ ಅಗಲವಿತ್ತು. ದೇವರೇ ಕೊಟ್ಟ ಜಾಗ ಅಂದುಕೊಂಡೆ.

ಮಾದರಿ ಬಬಲೇಶ್ವರಕ್ಕೆ ಬಂದು ನಿಂತ ದಿನ, ರಾತ್ರಿ ಎಂಟಕ್ಕೆ ಚಾಲೂ ಮಾಡಿದೆ. ಗೋಡೆ ಬೆಳಗಿತು, ಜನ ಶಿಳ್ಳೆ ಹಾಕಿದರು. ಆಮೇಲೆ ತಾವರೆ ಅರಳಬೇಕಾದಲ್ಲಿ ಕುಡುಗೋಲಿನಂಥ ತೆಳು ಗೆರೆಯೊಂದೇ ಮಿನುಗಿತು. ಉಳಿದ ಗುಮ್ಮಟ ಕತ್ತಲೆ. ನನ್ನ ಎಸಳುಗಳೆಲ್ಲ ಮೇಲಿನಿಂದ ಹಾರಿಹೋಗಿ ಹಿಂದಿನ ಬೇವಿನ ಮರದಲ್ಲಿ ಅರಳುತ್ತಿದ್ದವು. ಹುಡುಗರಿಗೆ ಅದೇ ಮೋಜು.

ಬಡಿಗೇರ ಕಾಕಾ ಮೆಲ್ಲಗೆ ಬಂದು ಮಶೀನಿನ ಪಕ್ಕ ಕುಕ್ಕರಗಾಲಲ್ಲಿ ಕೂತ. "ತಮ್ಮಾ, ಇಲ್ಲಿಂದ ಗುಮ್ಮಟ ನಿನಗರ ಕಾಣತೈತೇನು?"

ಕೂತು ನೋಡಿದೆ. ಗೆರೆಯಷ್ಟು ಬಿಟ್ಟರೆ ಕಾಣಲಿಲ್ಲ. ಗುಮ್ಮಟದ ನೆತ್ತಿ ಮುಂದಿನ ಗೋಡೆಗಿಂತ ಆರಡಿ ಹಿಂದಿತ್ತು. ಕೈಪಿಡಿ ಗೋಡೆ ಅದನ್ನು ನುಂಗಿತ್ತು. ನಕ್ಷೆ ಬರೆಯುವವನಿಗೆ ಎಲ್ಲವೂ ಒಂದೇ ಹಾಳೆಯಲ್ಲಿ ಕಾಣುತ್ತದೆ. ಮಶೀನಿಗೆ ಮಾತ್ರ ಒಂದು ಕಣ್ಣಿದೆ, ಆ ಕಣ್ಣಿಗೆ ಒಂದು ಜಾಗವಿದೆ. ಅಲ್ಲಿಂದ ಕಾಣದ್ದರ ಮೇಲೆ ಬೆಳಕೂ ಬೀಳದು.

ನಾಚಿಕೆಯಾದದ್ದು ಇದಕ್ಕೆ: 1656ರಿಂದ ವಿಜಯಪುರದಲ್ಲಿ ನಿಂತಿರುವ ನಿಜವಾದ ಗೋಳಗುಮ್ಮಟವೇ ನನಗೆ ಇದನ್ನು ನೂರು ಸಲ ತೋರಿಸಿತ್ತು. ದೂರದಿಂದ ಊರಿಗೆಲ್ಲ ಕಾಣುವ ಆ 44 ಮೀಟರ್ ಅಗಲದ ಗುಮ್ಮಟ, ಬಾಗಿಲ ಹತ್ತಿರ ನಡೆದಂತೆಲ್ಲ ಗೋಡೆಯ ಹಿಂದೆ ಇಳಿದುಹೋಗುತ್ತದೆ. ಚಿಕ್ಕಂದಿನಲ್ಲಿ ಹಿಂದೆ ಮುಂದೆ ನಡೆದು ಅದನ್ನೇ ಆಟ ಆಡಿದ್ದೇವೆ.

ದೂರಕ್ಕೆ ತಕ್ಕ ಲೆನ್ಸ್ ಹಾಕಿ ನಲವತ್ತು ಅಡಿ ಹಿಂದೆ ಸರಿದಿದ್ದರೆ, ಇಲ್ಲವೇ ಅಟ್ಟಣಿಗೆ ಕಟ್ಟಿ ಮಶೀನು ಎತ್ತಿದ್ದರೆ ಆಗುತ್ತಿತ್ತು. ಆ ಓಣಿಯಲ್ಲಿ, ಆ ರಾತ್ರಿ, ಎರಡೂ ಆಗಲಿಲ್ಲ. ಗೋಡೆಯ ಚಿತ್ರವನ್ನಷ್ಟೇ ಓಡಿಸಿ, ಅರ್ಧ ದುಡ್ಡು ವಾಪಸ್ ಕೊಟ್ಟು ಬಂದೆ. ಮಂಡಳಿಯವರು ಮರುವರ್ಷ ನನ್ನನ್ನು ಕರೆಯಲಿಲ್ಲ.