ಹೊಕ್ಕ ಮನೆಯ ಬೀಗದ ಕೈ

ಹೆತ್ತ ಮನೆಯಲ್ಲಿ ಸಲಿಗೆ ಹುಟ್ಟಿನಿಂದಲೇ ಬರುತ್ತದೆ. ಹೊಕ್ಕ ಮನೆಯಲ್ಲಿ ಅದನ್ನು ಗಳಿಸಿಕೊಳ್ಳಬೇಕು. ಒಲೆಯ ಮುಂದಿನ ಕೆಲಸ ಸೊಸೆಗೆ ಮೊದಲ ದಿನವೇ ದೊರೆತೀತು. ಉಗ್ರಾಣದ ಬೀಗದ ಕೈ ಸೆರಗಿನ ಗಂಟಿಗೆ ಬರಲು ಮಾತ್ರ ವರ್ಷಗಳೇ ಬೇಕು. ಪರದೇಶದಲ್ಲಿ ನೆಲಸಿದವನ ಪಾಡೂ ಇದೇ. ದುಡಿಯಲು ಕರೆಯುವವರು ಬಹಳ, ಆಳಲು ಕರೆಯುವವರಾರು? ಈ ಮಾತು ಬಂದಾಗಲೆಲ್ಲ ನನಗೆ ದಲೀಪ್ ಸಿಂಗ್ ಸೌಂದ್ ಅವರ ನೆನಪಾಗುತ್ತದೆ.

1899ರಲ್ಲಿ ಪಂಜಾಬಿನ ಅಮೃತಸರ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿದ ಇವರು 1920ರಲ್ಲಿ ಅಮೆರಿಕೆಗೆ ಹೋದರು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಗಣಿತಶಾಸ್ತ್ರವನ್ನು ವ್ಯಾಸಂಗ ಮಾಡಿ 1924ರಲ್ಲಿ ಡಾಕ್ಟರೇಟ್ ಪಡೆದರು. ಆದರೆ ಅದರ ಹಿಂದಿನ ವರ್ಷವೇ, ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ, ಭಾರತೀಯರು ಅಮೆರಿಕೆಯ ಪೌರರಾಗಲು ಅರ್ಹರಲ್ಲವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದ್ದಿತು. ಅಂಥವರು ಕ್ಯಾಲಿಫೋರ್ನಿಯಾದಲ್ಲಿ ಜಮೀನಿನ ಒಡೆಯರಾಗುವಂತೆಯೂ ಇರಲಿಲ್ಲ. ಗಣಿತದ ಪಂಡಿತರು ಇಂಪೀರಿಯಲ್ ಕಣಿವೆಗೆ ಹೋಗಿ ಹತ್ತಿ ಬಿಡಿಸುವವರ ಮೇಸ್ತ್ರಿಯಾದರು, ಮುಂದೆ ಬೇಸಾಯಗಾರರಾದರು.

ಮನಸ್ಸು ಕಹಿಯಾಗಲು ಇಷ್ಟು ಸಾಲದೇ? ಸೌಂದರು ಕಹಿಯಾಗಲಿಲ್ಲ. ಹೊಲದ ಕೆಲಸದ ನಡುವೆಯೇ ಊರಿನ ಸಂಘಗಳಲ್ಲಿ ಭಾರತದ ವಿಷಯವಾಗಿ ಭಾಷಣ ಮಾಡಿದರು. ಪೌರತ್ವದ ಹಕ್ಕಿಗಾಗಿ ಇತರ ಭಾರತೀಯರೊಡನೆ ಸೇರಿ ದುಡಿದರು. 1946ರಲ್ಲಿ ಕಾನೂನು ಬದಲಾಯಿತು. 1949ರ ಡಿಸೆಂಬರಿನಲ್ಲಿ, ಬಂದು ಇಪ್ಪತ್ತೊಂಬತ್ತು ವರ್ಷಗಳಾದ ಮೇಲೆ, ಅವರು ಪೌರರಾದರು.

ಮರುವರ್ಷವೇ ವೆಸ್ಟ್‌ಮೋರ್ಲೆಂಡ್ ಎಂಬ ಪುಟ್ಟ ಊರಿನ ನ್ಯಾಯಾಧೀಶರ ಸ್ಥಾನಕ್ಕೆ ನಿಂತು ಗೆದ್ದರು. ಆದರೆ ಚುನಾವಣೆಯ ವೇಳೆಗೆ ಅವರು ಪೌರರಾಗಿ ಒಂದು ವರ್ಷ ತುಂಬಿರಲಿಲ್ಲವಾದ್ದರಿಂದ ಆ ಸ್ಥಾನ ಕೈಗೆ ಬರಲಿಲ್ಲ. 1952ರಲ್ಲಿ ಮತ್ತೆ ನಿಂತರು, ಮತ್ತೆ ಗೆದ್ದರು. ನೀವು ನ್ಯಾಯಾಧೀಶರಾದರೆ ನಾವೆಲ್ಲ ಪೇಟ ಸುತ್ತಿಕೊಂಡು ಬರಬೇಕೇ ಎಂದು ಒಬ್ಬ ಕೆಣಕಿದಾಗ, ತಲೆಯ ಮೇಲೇನಿದೆಯೆಂಬುದು ತಮಗೆ ಬೇಡ, ಒಳಗೇನಿದೆಯೆಂಬುದಷ್ಟೇ ಮುಖ್ಯವೆಂದು ಅವರು ನಗುತ್ತ ಉತ್ತರಿಸಿದರಂತೆ.

1956ರಲ್ಲಿ ಪ್ರಸಿದ್ಧ ವಿಮಾನ ಚಾಲಕಿ ಜಾಕ್ವೆಲಿನ್ ಕಾಕ್ರನ್ ಅವರನ್ನು ಸೋಲಿಸಿ ಅಮೆರಿಕದ ಕಾಂಗ್ರೆಸ್ಸಿಗೆ ಆರಿಸಿ ಬಂದರು. ಏಷ್ಯದವರೊಬ್ಬರು ಆ ಸಭೆಯ ಮತಾಧಿಕಾರವುಳ್ಳ ಸದಸ್ಯರಾದುದು ಅದೇ ಮೊದಲು. ಮೂರು ಅವಧಿಗಳ ಸೇವೆಯ ಕೊನೆಯಲ್ಲಿ, 1962ರಲ್ಲಿ, ಪಾರ್ಶ್ವವಾಯು ಅವರನ್ನು ಕೆಡವಿತು. ಆ ವರ್ಷದ ಚುನಾವಣೆಯಲ್ಲಿ ಸೋತರು. 1973ರಲ್ಲಿ ತೀರಿಕೊಂಡರು.

ಅವರ ಬಳಿಕ ಭಾರತ ಮೂಲದ ಇನ್ನೊಬ್ಬರು ಆ ಸಭೆಯನ್ನು ಪ್ರವೇಶಿಸಿದ್ದು 2005ರಲ್ಲಿ. ನಮ್ಮ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಅವರೂ 2020ರಲ್ಲಿ ಮಿಷಿಗನ್ ರಾಜ್ಯದ ಶಾಸನಸಭೆಗೂ 2022ರಲ್ಲಿ ಕಾಂಗ್ರೆಸ್ಸಿಗೂ ಆರಿಸಿ ಬಂದರು.

ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ನಿಲ್ಲುವುದು ಆ ಪುಟ್ಟ ಊರಿನ ನ್ಯಾಯಪೀಠವೇ. ಬಾಗಿಲು ತೆರೆದದ್ದು ಕಾನೂನು; ಒಳಗೆ ಕರೆದು ಕೂರಿಸಿದವರು ಮಾತ್ರ ಅಕ್ಕಪಕ್ಕದ ಹೊಲದವರು. ಒಂದು ಮತದ ಹಕ್ಕಿಗಾಗಿ ಮನುಷ್ಯನೊಬ್ಬ ಇಪ್ಪತ್ತೊಂಬತ್ತು ವರ್ಷ ಕಾದ. ಹುಟ್ಟಿನಿಂದಲೇ ಅದನ್ನು ಪಡೆದ ನಾವು, ನಗರಸಭೆಯ ಚುನಾವಣೆಯ ದಿನ ಬಿಸಿಲು ಜೋರಾಗಿದೆಯೆಂದು ಮನೆಯಲ್ಲಿ ಉಳಿಯುವುದುಂಟೇ?