ಹೋದ ವರ್ಷದ ಗರಿ

ಅಂಗಳದಲ್ಲಿ ಕೊನೆ ಕೊಯ್ಲಿನ ಅಡಿಕೆ ಒಣಗುವ ಹೊತ್ತಿಗೆ ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಇಗರ್ಜಿಗಳಲ್ಲಿ ತಪಸ್ಸುಕಾಲ ಬರುತ್ತದೆ. ಬೂದಿ ಬುಧವಾರ ಹಣೆಗೆ ಹಚ್ಚುವ ಬೂದಿ, ಹೋದ ವರ್ಷ ಗರಿಗಳ ಭಾನುವಾರ ನಾವೇ ಹಿಡಿದಿದ್ದ ಗರಿಗಳದ್ದು. ಮನೆಯ ಶಿಲುಬೆಯ ಹಿಂದೆ ಸಿಕ್ಕಿಸಿದ್ದನ್ನು ಸುಡಲು ಕೊಡೋಣವೆಂದು ಇವತ್ತು ತೆಗೆದೆ. ತುದಿ ಪುಡಿಯಾಗಿ ಬೆರಳಿಗಂಟಿತು. ಅಂದು ಹೊಸನ್ನ ಹಾಡಿದ ಬಾಯಲ್ಲೇ ಆಮೇಲೆ ಎಷ್ಟು ಕಟುಮಾತು ಆಡಿದೆ!

ಬೂದಿ ಬುಧವಾರದಿಂದ ಈಸ್ಟರ್‌ಗೆ 46 ದಿನ. ಆರು ಭಾನುವಾರ ಕಳೆದರೆ 40. ಈ ದಿನಗಳಲ್ಲಿ ಮಾಂಸ ಬಿಡುವುದು ನನಗೆ ಕಷ್ಟವಲ್ಲ, ಹಟ ಬಿಡುವುದು ಕಷ್ಟ. ಬೇಲಿ ಜಗಳದಲ್ಲಿ ಮಾತು ಬಿಟ್ಟ ಅಣ್ಣ ತೀರ್ಥಹಳ್ಳಿಯಲ್ಲಿದ್ದಾನೆ. ಶುಕ್ರವಾರ ಶಿಲುಬೆ ಹಾದಿಯ 14 ಸ್ಥಳಗಳನ್ನು ಮುಗಿಸಿ, ನೇರ ಅವನ ಮನೆಗೆ ಹೋಗುತ್ತೇನೆ.