ಆಲ್ಮಾ ಟೀಚರ್ ಬಿಡಿಸಿದ ಆಕಾಶ

ಮೊಬೈಲಿನಲ್ಲಿ ನೋಡಿದರೆ ಮೊದಲು ಕಾಣೋದು ಬರೀ ನೀಲಿ. ಝೂಮ್ ಮಾಡಿ ನೋಡಿ: ಲೆಕ್ಕವಿಲ್ಲದಷ್ಟು ಪುಟ್ಟ ಪುಟ್ಟ ಬ್ರಶ್ ಗುರುತುಗಳು, ಅವುಗಳ ನಡುವೆ ಬಿಳಿ ಸಂದು. ಬಲಗಡೆ ಮೇಲಿನ ಮೂಲೆಯಲ್ಲಿ ಒಂದಿಷ್ಟು ಕೆಂಪು, ಕಿತ್ತಳೆ, ಹಳದಿ. ನನಗಂತೂ ಅದೇ ಗಗನನೌಕೆ. 1972ರ ಈ ಚಿತ್ರದ ಹೆಸರು ‘ಸ್ಟಾರಿ ನೈಟ್ ಆ್ಯಂಡ್ ದಿ ಆಸ್ಟ್ರೋನಾಟ್ಸ್’. ಬಿಡಿಸಿದವರು ಆಲ್ಮಾ ಥಾಮಸ್. ಆಕೃತಿ, ಕಥೆ ಏನೂ ಬೇಡ, ಬಣ್ಣವೇ ಎಲ್ಲ ಹೇಳಲಿ ಅನ್ನೋ ‘ಕಲರ್ ಫೀಲ್ಡ್’ ಶೈಲಿ. ಅಪೊಲೊ ಯಾನಗಳನ್ನು ಟಿವಿಯಲ್ಲಿ ನೋಡಿ ಬೆರಗಾಗಿದ್ದ ಆಕೆಗೆ ಆಗ 80ರ ಆಸುಪಾಸು. ಕೈಗೆ ಸಂಧಿವಾತ ಬೇರೆ.

1891ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಹುಟ್ಟಿದ ಕಪ್ಪು ವರ್ಣೀಯ ಹುಡುಗಿ. ಊರಲ್ಲಿ ಹಿಂಸೆಯ ಭಯ, ಮಕ್ಕಳ ಓದಿನ ಚಿಂತೆ. 1907ರಲ್ಲಿ ಕುಟುಂಬ ವಾಷಿಂಗ್ಟನ್‌ಗೆ ಬಂತು. 1924ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದ ಚಿತ್ರಕಲಾ ವಿಭಾಗದ ಮೊದಲ ಪದವೀಧರೆ. ಆಮೇಲೆ 1960ರವರೆಗೂ ಒಂದೇ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್.

ಮುಂದಿನದನ್ನು ಸಾಮಾನ್ಯವಾಗಿ ಹೇಳೋದು ಹೀಗೆ: ರಿಟೈರ್ ಆದ್ಮೇಲೆ ಅರಳಿದ ಅಜ್ಜಿ. ‘ಆಮೇಲೆ ಮಾಡಿದ್ರಾಯ್ತು’ ಅಂತ ಎಲ್ಲವನ್ನೂ ಮುಂದೂಡೋ ನಮ್ಮಂಥ ಡೆಡ್‌ಲೈನ್ ಜೀವಿಗಳಿಗೆ ಕೇಳೋಕೆ ಹಿತವಾಗಿಯೇ ಇದೆ. ಆದರೆ ನನಗೆ ಈ ಕಥೆ ಒಪ್ಪಿಗೆಯಿಲ್ಲ. ಕೆಲಸದಲ್ಲಿದ್ದಾಗಲೇ, 1950ರ ದಶಕದುದ್ದಕ್ಕೂ, ಅಮೆರಿಕನ್ ಯೂನಿವರ್ಸಿಟಿಯ ಕ್ಲಾಸುಗಳಿಗೆ ಹೋಗಿ ಪೇಂಟಿಂಗ್ ಕಲಿತವರು ಈಕೆ. ಅದಕ್ಕೂ ಮೊದಲು, 1943ರಲ್ಲಿ, ಬಾರ್ನೆಟ್-ಏಡನ್ ಗ್ಯಾಲರಿ ಕಟ್ಟಲು ಕೈಜೋಡಿಸಿದ್ದರು. ನಿವೃತ್ತಿಯಿಂದ ಸಿಕ್ಕಿದ್ದು ಹಗಲಿನ ಹೊತ್ತು, ಅಷ್ಟೇ.

1966ರಲ್ಲಿ ಹೋವರ್ಡ್‌ನಲ್ಲಿ ಆಕೆಯ ಚಿತ್ರಗಳ ಪ್ರದರ್ಶನ ಇತ್ತು. ಹಳೆಯದನ್ನೇ ತೋರಿಸಲು ಮನಸ್ಸಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಮನೆ ಕಿಟಕಿಯಾಚೆಯ ‘ಹಾಲಿ’ ಎಂಬ ಮರ, ಅದರ ಎಲೆಗಳ ನಡುವೆ ತೂರಿ ಬರುವ ಬೆಳಕು. ಆ ಬಿಡಿಬಿಡಿ ಗುರುತು ಹುಟ್ಟಿದ್ದು ಅಲ್ಲಿಂದ. ಸ್ಟುಡಿಯೋ ಅಂದ್ರೆ ಅಡುಗೆಮನೆ.

ಹಾಗಾದ್ರೆ ತಡ ಮಾಡಿದ್ದು ಯಾರು? ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಆಕೆಯ ಏಕವ್ಯಕ್ತಿ ಪ್ರದರ್ಶನ ಇಟ್ಟಿದ್ದು 1972ರಲ್ಲಿ. ಅಲ್ಲಿ ಆ ಅವಕಾಶ ಸಿಕ್ಕ ಮೊದಲ ಆಫ್ರಿಕನ್-ಅಮೆರಿಕನ್ ಮಹಿಳೆ ಆಲ್ಮಾ. 1978ರಲ್ಲಿ ತೀರಿಕೊಂಡರು. ಕಪ್ಪು ವರ್ಣೀಯ ಮಹಿಳೆಯೊಬ್ಬರ ಕೃತಿ ಶ್ವೇತಭವನದ ಸಂಗ್ರಹಕ್ಕೆ ಮೊದಲ ಸಲ ಸೇರಲು ಮತ್ತೆ ದಶಕಗಳೇ ಬೇಕಾದವು. ಅದೂ ಆಲ್ಮಾರದ್ದೇ: 1966ರ ‘ರೆಸರೆಕ್ಷನ್’, ಬಣ್ಣದ ಉಂಗುರದೊಳಗೆ ಉಂಗುರ. ತೂಗುಹಾಕಿದ್ದು ಊಟದ ಕೋಣೆಯಲ್ಲಿ.